ಮನಿ ಪ್ಲಾಂಟ್‌ಗೆ ನೀರು ಹಾಕುವ ಮುಂಚೆ ಬೆಳಕು ನೋಡಿ

ಹುಬ್ಬಳ್ಳಿ, ಧಾರವಾಡದ ಕಡೆ ಗೃಹಪ್ರವೇಶಗಳಲ್ಲಿ ಈಗ ಹೊಸದೊಂದು ರೂಢಿ ಕಾಣುತ್ತಿದೆ. ಸ್ಟೀಲ್ ಡಬ್ಬಿ, ಗೋಡೆ ಗಡಿಯಾರಗಳ ಜೊತೆ ಚಂದದ ಪಿಂಗಾಣಿ ಕುಂಡಗಳೂ ಉಡುಗೊರೆಯಾಗಿ ಬರುತ್ತವೆ. ಅವುಗಳಲ್ಲಿ ಜಾಸ್ತಿ ಇರೋದು ಮನಿ ಪ್ಲಾಂಟ್. "ಇದಕ್ಕ ಏನೂ ಮಾಡೂದು ಬ್ಯಾಡ, ತಾನ ಬೆಳೀತದ" ಅಂತ ಹೇಳಿ ಕೈಗಿಟ್ಟು ಹೋಗುತ್ತಾರೆ. ಹಿತ್ತಲಿದ್ದ ಮನೆ ಬಿಟ್ಟು ಅಪಾರ್ಟ್‌ಮೆಂಟಿಗೆ ಬಂದವರಿಗೆ ಆ ಕುಂಡವೇ ಹಿತ್ತಲು. ಹಾಗಾಗಿ ಅದು ಬಾಡಿದರೆ ಮನಸ್ಸಿಗೆ ಹತ್ತುತ್ತದೆ.

ನವನಗರದಲ್ಲಿರುವ ನಮ್ಮ ಅಕ್ಕನಿಗೂ ಹೀಗೇ ಒಂದು ಕುಂಡ ಬಂದಿತ್ತು. ಮೂರು ತಿಂಗಳಿಗೆ ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದವು. "ದಿನಾ ತಪ್ಪದ ನೀರ ಹಾಕೀನಿ, ಆದ್ರೂ ಯಾಕ ಹಿಂಗಾತು?" ಅಂತ ಫೋನಿನಲ್ಲಿ ಕೇಳಿದಳು. ಹೋಗಿ ನೋಡಿದೆ. ಕುಂಡ ಟಿವಿ ಪಕ್ಕದ ಮೂಲೆಯಲ್ಲಿತ್ತು. ಕಿಟಕಿ ಇದ್ದದ್ದು ಹಾಲಿನ ಇನ್ನೊಂದು ತುದಿಗೆ. ಪೇಪರ್ ಹಾಸಿ, ಕುಂಡ ಮಗುಚಿ ಗಿಡ ಹೊರಗೆ ತೆಗೆದೆವು. ಕಪ್ಪು ಮಣ್ಣು ನಾದಿದ ಕಣಕದ ಹಾಗೆ ಅಂಟುತ್ತಿತ್ತು. ಗಟಾರದ ವಾಸನೆ. ಒಂದು ಬೇರು ಹಿಡಿದು ಎಳೆದರೆ ಮೇಲಿನ ಕಂದು ಸಿಪ್ಪೆ ಜಾರಿ ನನ್ನ ಬೆರಳಿಗೆ ಬಂತು. ಒಳಗಿನ ದಾರದಂಥ ಎಳೆ ಮಾತ್ರ ಗಿಡಕ್ಕೆ ನೇತಾಡುತ್ತಿತ್ತು. ಕುಂಡದ ತಳದಲ್ಲಿ ತೂತೇ ಇರಲಿಲ್ಲ.

ಅಕ್ಕ ಗಿಡವನ್ನು ಪ್ರೀತಿಯಿಂದಲೇ ನೋಡಿಕೊಂಡಿದ್ದಳು. ಅದು ಹೇಗೆ ಬದುಕುತ್ತದೆ ಅಂತ ಮಾತ್ರ ಯಾರೂ ಆಕೆಗೆ ಹೇಳಿರಲಿಲ್ಲ. ಆ ಮಾತನ್ನು ಇಲ್ಲಿ ಬುಡದಿಂದ ಹೇಳುತ್ತೇನೆ.

ಇದು ಎಲ್ಲಿಯ ಗಿಡ?

ನಮ್ಮ ಕಡೆ ಮನಿ ಅಂದರೆ ಮನೆ. ನಮ್ಮ ಅಜ್ಜಿ ಇದನ್ನು ಮನೆಯೊಳಗೆ ಬೆಳೆಸುವ ಗಿಡ, ಅದಕ್ಕೇ ಈ ಹೆಸರು ಅಂತಲೇ ತಿಳಿದಿದ್ದಳು. ಆದರೆ ಇದು ಹುಟ್ಟಾ ಕಾಡಿನ ಬಳ್ಳಿ. ಇದರ ತವರು ಪೆಸಿಫಿಕ್ ಸಾಗರದ ನಡುವೆ, ಫ್ರೆಂಚ್ ಪಾಲಿನೇಷ್ಯಾದಲ್ಲಿರುವ ಮೊರೆಯಾ ಎಂಬ ಪುಟ್ಟ ದ್ವೀಪ. ಸಸ್ಯವಿಜ್ಞಾನಿಗಳು ಇದನ್ನು ಮೊದಲು ವಿವರಿಸಿದ್ದು 1880ರಲ್ಲಿ. ಆಗ ಇಟ್ಟ ಹೆಸರು ಪೋಥೋಸ್ ಆರಿಯಸ್. ಹೆಸರು ಮುಂದೆ ಬದಲಾಯಿತು. ಈಗ ಇದನ್ನು ಎಪಿಪ್ರೆಮ್ನಮ್ ಆರಿಯಮ್ ಎನ್ನುತ್ತಾರೆ. ಆರಿಯಮ್ ಅಂದರೆ ಬಂಗಾರದ ಬಣ್ಣದ್ದು. ಎಲೆ ಮೇಲಿನ ಹಳದಿ ಗೆರೆ, ಮಚ್ಚೆಗಳಿಂದ ಬಂದ ಹೆಸರು. ನರ್ಸರಿಗಳಲ್ಲಿ ಇಂದಿಗೂ ಪೋಥೋಸ್ ಅನ್ನುವ ಹಳೆಯ ಹೆಸರೇ ಓಡಾಡುತ್ತದೆ.

ಇದು ಕೆಸುವಿನ ಕುಟುಂಬಕ್ಕೆ ಸೇರಿದ್ದು. ಸುವರ್ಣಗಡ್ಡೆಯೂ ಅದೇ ಬಳಗ. ಈ ನೆಂಟಸ್ತಿಕೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸೋಜಿಗದ ವಿಷಯ. ಮನಿ ಪ್ಲಾಂಟ್ ಹೂ ಬಿಟ್ಟದ್ದನ್ನು ನೀವು ನೋಡಿದ್ದೀರಾ? ನೋಡಿರೋದಿಲ್ಲ. ಹೂ ಬಿಡಲು ಗಿಡಕ್ಕೆ ಜಿಬ್ಬರೆಲಿನ್ ಎಂಬ ಹಾರ್ಮೋನು ಬೇಕು. ಅದನ್ನು ತಯಾರಿಸುವ ಒಂದು ಜೀನ್ ಈ ಬಳ್ಳಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೂವಿಲ್ಲ ಅಂದಮೇಲೆ ಬೀಜವೂ ಇಲ್ಲ. ಹಾಗಾಗಿ ಲೋಕದ ತುಂಬ ಇರುವ ಮನಿ ಪ್ಲಾಂಟುಗಳು ಒಂದರ ತುಂಡಿನಿಂದ ಇನ್ನೊಂದು, ಅದರ ತುಂಡಿನಿಂದ ಮತ್ತೊಂದು, ಹೀಗೆ ಕೈಯಿಂದ ಕೈಗೆ ದಾಟಿ ಬಂದವು.

ಎಲೆಯೇ ಅಡುಗೆಮನೆ, ಬೆಳಕೇ ಒಲೆ

ಕಾಡಿನಲ್ಲಿ ಈ ಬಳ್ಳಿ ದೊಡ್ಡ ಮರಗಳ ಕೆಳಗೆ ಹುಟ್ಟುತ್ತದೆ. ನೇರ ಬಿಸಿಲು ನೆಲಕ್ಕೆ ಬೀಳೋದಿಲ್ಲ. ಎಲೆಗಳ ಸಂದಿಯಿಂದ ಸೋಸಿ ಬಂದ ಬೆಳಕಷ್ಟೇ ಸಿಗುತ್ತದೆ. "ನೆರಳಿನ ಗಿಡ" ಎಂಬ ಮಾತು ಹುಟ್ಟಿದ್ದು ಇದರಿಂದ. ಆದರೆ ಕಾಡಿನ ನೆರಳೇ ಬೇರೆ, ಮನೆ ಮೂಲೆಯ ಕತ್ತಲೆಯೇ ಬೇರೆ. ಹೊಂಗೆ ಮರದ ಕೆಳಗೆ ಕೂತು ಪೇಪರ್ ಓದುವಾಗ ಇರುವ ಬೆಳಕನ್ನು ನೆನೆಸಿಕೊಳ್ಳಿ. ನಿಮ್ಮ ಹಾಲಿನ ಒಳಮೂಲೆಯಲ್ಲಿ ಹಗಲಲ್ಲೂ ಲೈಟ್ ಹಾಕಬೇಕಾಗುತ್ತದೆ, ಅಲ್ವಾ?

ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಅನ್ನುತ್ತಾರೆ. ಬಯಲಿನ ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಮನೆಯ ಒಳಮೂಲೆಯಲ್ಲಿ ಅದು ನೂರು, ಇನ್ನೂರಕ್ಕೆ ಇಳಿದಿರುತ್ತದೆ. ನಮಗೆ ಅಷ್ಟು ಕತ್ತಲೆ ಅನ್ನಿಸೋದಿಲ್ಲ. ಯಾಕೆಂದರೆ ಒಳಗೆ ಬಂದ ಕೂಡಲೇ ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ. ಗಿಡಕ್ಕೆ ಹಾಗೆ ಹೊಂದಿಕೊಳ್ಳುವ ಕಣ್ಣಿಲ್ಲ.

ಎಲೆಯನ್ನು ಅಡುಗೆಮನೆ ಅಂದುಕೊಳ್ಳಿ. ನೀರು ಮತ್ತು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಲ್ಲಿನ ದಿನಸಿ. ಬೆಳಕು ಒಲೆ. ಒಲೆ ಉರಿದರೆ ತಾನೇ ರೊಟ್ಟಿ? ಬೆಂಕಿಯೇ ಇಲ್ಲದೆ ದಿನಾ ಜೋಳದ ಹಿಟ್ಟು ನಾದಿ ಇಟ್ಟರೆ ಅದು ಹುಳಿಯುತ್ತದೆ, ಹಳಸುತ್ತದೆ. ಕತ್ತಲೆ ಮೂಲೆಯ ಗಿಡಕ್ಕೆ ದಿನಾ ನೀರು ಹಾಕಿದರೂ ಅದೇ ಆಗೋದು. ಬೆಳಕು ಕಡಿಮೆ ಇದ್ದಲ್ಲಿ ಎಲೆ ಕಡಿಮೆ ಕೆಲಸ ಮಾಡುತ್ತದೆ, ಕಡಿಮೆ ನೀರು ಎಳೆಯುತ್ತದೆ. ಮಿಕ್ಕ ನೀರು ಬುಡದಲ್ಲೇ ನಿಲ್ಲುತ್ತದೆ.

ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಗಿಡ ಎಲ್ಲಿಟ್ಟಿದ್ದೀರಿ ಅಂತ ತಿಳಿಯದೆ ಅದಕ್ಕೆ ಉತ್ತರ ಹೇಳೋಕಾಗಲ್ಲ.

ಬೆಳಕು ಸಾಕೋ ಇಲ್ಲವೋ ತಿಳಿಯಲು ಒಂದು ಸುಲಭ ಉಪಾಯವಿದೆ. ಮಧ್ಯಾಹ್ನದ ಹೊತ್ತು ಗಿಡ ಇಡುವ ಜಾಗದಲ್ಲಿ ಬಿಳಿ ಹಾಳೆ ಇಡಿ. ಅದರ ಮೇಲೆ ಒಂದಡಿ ಎತ್ತರಕ್ಕೆ ಕೈ ಹಿಡಿಯಿರಿ. ಕೈಯ ನೆರಳು ಮಸುಕಾಗಿ, ಆದರೆ ಕೈ ಎಂದು ಗುರುತು ಸಿಗುವಷ್ಟು ಬಿದ್ದರೆ ಜಾಗ ಸರಿಯಾಗಿದೆ. ನೆರಳೇ ಬೀಳದಿದ್ದರೆ ಕತ್ತಲೆ ಜಾಸ್ತಿ. ಬೆರಳುಗಳ ಅಂಚು ಚಾಕುವಿನಲ್ಲಿ ಕೊಯ್ದಂತೆ ಚೂಪಾಗಿ ಬಿದ್ದರೆ ನೇರ ಬಿಸಿಲು ಬರುತ್ತಿದೆ ಅಂತ ಅರ್ಥ. ಅಂಥ ಕಡೆ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ.

ಗಿಡವೂ ತನ್ನ ಭಾಷೆಯಲ್ಲಿ ಹೇಳುತ್ತಿರುತ್ತದೆ. ಹೊಸ ಎಲೆಗಳಲ್ಲಿ ಹಳದಿ ಗೆರೆ ಮಾಯವಾಗಿ ಪೂರ್ತಿ ಹಸಿರಾಗುತ್ತಾ ಬಂದರೆ ಬೆಳಕು ಸಾಲುತ್ತಿಲ್ಲ. ಹಳದಿ ಭಾಗದಲ್ಲಿ ಪತ್ರಹರಿತ್ತು, ಅಂದರೆ ಅಡುಗೆ ಮಾಡುವ ಹಸಿರು ವಸ್ತು, ತೀರಾ ಕಡಿಮೆ. ಬೆಳಕಿನ ಬರ ಬಂದಾಗ ಗಿಡ ಹಸಿರನ್ನೇ ಹೆಚ್ಚಿಸಿಕೊಳ್ಳುತ್ತದೆ. ಎರಡು ಎಲೆಗಳ ನಡುವಿನ ಅಂತರ ಉದ್ದವಾಗಿ, ಬಳ್ಳಿ ಬರೀ ಹಗ್ಗದ ಹಾಗೆ ಕಂಡರೂ ಅದೇ ಕಾರಣ. ಬೆಳಕು ಹುಡುಕಿಕೊಂಡು ಹೊರಟಿದೆ ಅದು.

ಯಾವ ಕಿಟಕಿ? ನಮ್ಮ ಕಡೆ ಪೂರ್ವದ ಕಿಟಕಿಗಿಂತ ಒಳ್ಳೇದಿಲ್ಲ. ಎಳೆಬಿಸಿಲು ಬಂದು ಹೋಗುತ್ತದೆ, ಆಮೇಲೆ ದಿನವಿಡೀ ತಂಪು ಬೆಳಕು. ಪಶ್ಚಿಮದ ಕಿಟಕಿಯಾದರೆ ಮಾರ್ಚ್‌ನಿಂದ ಮೇ ತನಕ ತೆಳು ಪರದೆ ಎಳೆಯಿರಿ, ಇಲ್ಲವೇ ಮೂರು ನಾಲ್ಕು ಅಡಿ ಒಳಗೆ ಸರಿಸಿ. ದಕ್ಷಿಣದ ಕಿಟಕಿಯ ಲೆಕ್ಕ ಸ್ವಲ್ಪ ಬೇರೆ. ಹುಬ್ಬಳ್ಳಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಬಾಗುತ್ತಾನೆ. ಹಾಗಾಗಿ ಬೇಸಿಗೆಗಿಂತ ಡಿಸೆಂಬರ್, ಜನವರಿಯಲ್ಲೇ ದಕ್ಷಿಣದ ಕಿಟಕಿಯಿಂದ ಬಿಸಿಲು ಮನೆಯೊಳಗೆ ಉದ್ದಕ್ಕೆ ಬರುತ್ತದೆ. ಅಷ್ಟು ದಿನ ಕುಂಡ ಸ್ವಲ್ಪ ಪಕ್ಕಕ್ಕೆ ಇಟ್ಟರಾಯಿತು.

ಬೇರಿಗೂ ಉಸಿರು ಬೇಕು

ಬೇರು ನೀರು ಕುಡಿಯುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಅದು ಉಸಿರಾಡುತ್ತದೆ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದಿಗಳಿರುತ್ತವೆ. ಅಲ್ಲಿರುವ ಗಾಳಿಯಿಂದ ಬೇರು ಆಮ್ಲಜನಕ ಪಡೆಯುತ್ತದೆ. ನೀರು ಹಾಕಿದಾಗ ಆ ಸಂದಿಗಳು ತುಂಬಿಕೊಳ್ಳುತ್ತವೆ. ನೀರು ಇಳಿದು ಹೋದಂತೆ ಮತ್ತೆ ಗಾಳಿ ಒಳಗೆ ಬರುತ್ತದೆ. ಇಳಿಯಲು ಬಿಡದೆ ದಿನಾ ಮೇಲಿಂದ ಮೇಲೆ ಸುರಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಸತ್ತ ಬೇರನ್ನು ಶಿಲೀಂಧ್ರಗಳು ಕೊಳೆಸುತ್ತವೆ. ಕೊಳೆತ ಬೇರು ನೀರು ಎಳೆಯಲಾರದು.

ಇಲ್ಲಿಯೇ ಎಲ್ಲರೂ ಮೋಸ ಹೋಗುವುದು. ಬೇರು ಕೊಳೆತ ಗಿಡ ನೋಡಲು ಬಾಯಾರಿದ ಗಿಡದ ಹಾಗೇ ಇರುತ್ತದೆ. ಎಲೆ ಜೋತುಬಿದ್ದಿರುತ್ತದೆ. ಅಯ್ಯೋ ನೀರು ಸಾಲಲಿಲ್ಲ ಅಂತ ಇನ್ನೊಂದು ತಂಬಿಗೆ ಹಾಕುತ್ತೇವೆ. ಅಕ್ಕ ಮಾಡಿದ್ದೂ ಇದನ್ನೇ. ಅದಕ್ಕೆ ಎಲೆ ಬಾಡಿದರೆ ಮೊದಲು ಮಣ್ಣು ಮುಟ್ಟಿ. ಒಣಗಿದ್ದರೆ ದಾಹ. ಒದ್ದೆ ಇದ್ದರೆ ಬೇರಿನ ತೊಂದರೆ.

ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿನೊಳಗೆ ಇಳಿಸಿ. ತಂಪು ತಾಗಿದರೆ ನೀರು ಬೇಡ. ಕುಂಡ ಎತ್ತಿ ನೋಡೋದು ಇನ್ನೂ ಒಳ್ಳೆಯ ರೂಢಿ. ಗ್ಯಾಸ್ ಸಿಲಿಂಡರ್ ಎಷ್ಟು ಉಳಿದಿದೆ ಅಂತ ಅಲುಗಿಸಿ ನೋಡುತ್ತೇವಲ್ಲ, ಹಾಗೆ. ನೀರು ಹಾಕಿದ ದಿನ ಒಮ್ಮೆ ಎತ್ತಿ, ಮೂರು ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಎತ್ತಿ. ಎರಡು ವಾರದಲ್ಲಿ ತೂಕ ಕೈಗೆ ರೂಢಿಯಾಗುತ್ತದೆ. ಹಾಕುವಾಗ ಮಾತ್ರ ಜಿಪುಣತನ ಬೇಡ. ತಳದ ತೂತಿನಿಂದ ನೀರು ಹೊರಬರುವ ತನಕ ಹಾಕಿ. ಅರ್ಧ ಗಂಟೆ ಆದಮೇಲೆ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಚಂದದ ಪಿಂಗಾಣಿ ಕುಂಡಕ್ಕೆ ತೂತಿಲ್ಲದಿದ್ದರೆ, ತೂತಿರುವ ಸಾದಾ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು ಅದನ್ನು ಇದರೊಳಗೆ ಇಳಿಸಿಡಿ. ನೀರು ಹಾಕುವಾಗ ಹೊರಗೆ ತೆಗೆದು ಹಾಕಿ.

ಎರಿ ಮಣ್ಣು ಹೊಲಕ್ಕೆ ಚೆನ್ನ, ಕುಂಡಕ್ಕಲ್ಲ

ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಕಪ್ಪು ಎರಿ ಮಣ್ಣು ಹತ್ತಿಗೆ, ಬಿಳಿಜೋಳಕ್ಕೆ, ಕಡಲೆಗೆ ಬಂಗಾರದಂಥದ್ದು. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟುಕೊಂಡು ಹಿಂಗಾರಿ ಬೆಳೆಯನ್ನು ದಡ ಮುಟ್ಟಿಸುತ್ತದೆ. ಅದೇ ಗುಣ ಕುಂಡದಲ್ಲಿ ಮುಳುವಾಗುತ್ತದೆ. ಈ ಮಣ್ಣಿನ ಕಣಗಳು ತುಂಬಾ ನುಣುಪು. ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಬಿರಿಯುತ್ತವೆ. ಉಬ್ಬಿದಾಗ ಗಾಳಿಯ ಸಂದಿ ಮುಚ್ಚುತ್ತದೆ. ಬಿರಿದಾಗ ಎಳೆ ಬೇರು ಹರಿಯುತ್ತದೆ. ಮನಿ ಪ್ಲಾಂಟಿನ ಪೂರ್ವಿಕರು ಬೆಳೆದದ್ದು ಕಾಡಿನ ನೆಲದ ಉದುರುದುರಾದ ಎಲೆಗೊಬ್ಬರದಲ್ಲಿ.

ಧಾರವಾಡದ ಪಶ್ಚಿಮಕ್ಕೂ ಕಲಘಟಗಿ ದಾರಿಯಲ್ಲೂ ಸಿಗುವ ಕೆಂಪು ಮಸಾರಿ ಮಣ್ಣು ಇದಕ್ಕಿಂತ ವಾಸಿ. ಎರಡು ಪಾಲು ಮಸಾರಿ, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಕಡಲೆಕಾಳಿನಷ್ಟು ದಪ್ಪದ ಇಟ್ಟಿಗೆ ಚೂರು. ಇವಿಷ್ಟನ್ನೂ ಸೇರಿಸಿ ಕಲಸಿ. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆ ಒಡೆದು ಉದುರಬೇಕು. ಹಾಗಾದರೆ ಹದ ಬಂತು. ಇಟ್ಟಿಗೆ ಚೂರನ್ನು ತಳದಲ್ಲಿ ಒಂದು ಪದರ ಹಾಕುವ ರೂಢಿ ಇದೆ. ಅದರಿಂದ ನೀರು ಬೇಗ ಇಳಿಯೋದಿಲ್ಲ. ನುಣುಪು ಮಣ್ಣಿನಿಂದ ದಪ್ಪ ಚೂರಿಗೆ ನೀರು ಸುಲಭಕ್ಕೆ ದಾಟೋದಿಲ್ಲ, ಆ ಪದರದ ಮೇಲೆಯೇ ತಡೆದು ನಿಲ್ಲುತ್ತದೆ. ಮಣ್ಣಿನಲ್ಲೇ ಬೆರೆಸಿಬಿಟ್ಟರೆ ಕೆಲಸಕ್ಕೆ ಬರುತ್ತದೆ.

ಗೊಬ್ಬರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಿರಗ ಕೂಡಿದಾಗ, ಅಂದರೆ ಜೂನ್ ಎರಡನೇ ವಾರದ ಹೊತ್ತಿಗೆ, ಒಂದು ಹಿಡಿ ಎರೆಹುಳು ಗೊಬ್ಬರ. ದಸರೆ ಹೊತ್ತಿಗೆ ಇನ್ನೊಂದು ಹಿಡಿ. ಮಿಕ್ಕಿದ ಹಾಲು, ಸಕ್ಕರೆ ಇರುವ ಚಹಾ ಬುಡಕ್ಕೆ ಸುರಿಯಬೇಡಿ. ಇರುವೆ ಬರುತ್ತವೆ, ಬೂಸ್ಟು ಹಿಡಿಯುತ್ತದೆ.

ನಮ್ಮೂರಿನ ಹವೆ, ನೀರು, ಧೂಳು

ಮೊರೆಯಾದಲ್ಲಿ ವರ್ಷವಿಡೀ ಗಾಳಿಯಲ್ಲಿ ತೇವ. ನಮ್ಮಲ್ಲಿ ಹಾಗಿಲ್ಲ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಬಿಸಿ 37 ಡಿಗ್ರಿ ಮುಟ್ಟುತ್ತದೆ, ಗಾಳಿ ಬಣಬಣ ಒಣಗಿರುತ್ತದೆ. ಆಗ ನಾಲ್ಕೈದು ದಿನಕ್ಕೇ ಮಣ್ಣು ಒಣಗಬಹುದು. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ, ಅದರಲ್ಲೂ ಧಾರವಾಡದಲ್ಲಿ, ಹತ್ತು ಹನ್ನೆರಡು ದಿನವಾದರೂ ಒಣಗೋದಿಲ್ಲ. ಬೇಸಿಗೆಯ ರೂಢಿಯಲ್ಲೇ ಮಳೆಗಾಲದಲ್ಲೂ ನೀರು ಹಾಕಿ ಗಿಡ ಕಳೆದುಕೊಂಡವರನ್ನು ಎಷ್ಟೋ ಜನ ನೋಡಿದ್ದೇನೆ. ಸಂಕ್ರಾಂತಿ ಹೊತ್ತಿನ ಚಳಿಗೆ ಈ ಬಳ್ಳಿ ಸಾಯೋದಿಲ್ಲ, ಬೆಳವಣಿಗೆ ನಿಧಾನವಾಗುತ್ತದೆ. ನೀರೂ ಅಷ್ಟೇ ಕಡಿಮೆ ಸಾಕು.

ಎಲೆ ಮೇಲೆ ನೀರು ಸಿಂಪಡಿಸಿದರೆ ತೇವ ಕೆಲವೇ ನಿಮಿಷ ಇರುತ್ತದೆ. ಅದರ ಬದಲು ಕುಂಡವನ್ನು ಕೂಲರ್, ಫ್ಯಾನಿನ ನೇರ ಗಾಳಿಯಿಂದ ದೂರ ಇಡಿ. ಎರಡು ಮೂರು ಗಿಡ ಒಟ್ಟಿಗಿಟ್ಟರೆ ಒಂದರ ತೇವ ಇನ್ನೊಂದಕ್ಕೆ ಆಸರೆ.

ನಮ್ಮಲ್ಲಿ ಮಲಪ್ರಭೆಯ ನೀರು ದಿನಾ ಬರೋದಿಲ್ಲ, ಹಾಗಾಗಿ ಗಿಡಗಳಿಗೆ ಬೋರಿನ ನೀರೇ ಗತಿ. ಬೋರಿನ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿನ ಲವಣ ಮಣ್ಣಿನ ಮೇಲೆ, ಕುಂಡದ ಅಂಚಿಗೆ ಬಿಳಿಯಾಗಿ ಕಟ್ಟುತ್ತದೆ. ಎಲೆಯ ತುದಿ ಕಂದಾಗಿ ಒಣಗುತ್ತದೆ. ತಿಂಗಳಿಗೊಮ್ಮೆ ನಲ್ಲಿ ನೀರನ್ನೋ ಮಳೆ ನೀರನ್ನೋ ಧಾರಾಳವಾಗಿ ಹಾಕಿ, ತಳದಿಂದ ಹರಿದು ಹೋಗಲು ಬಿಡಿ. ಲವಣ ತೊಳೆದು ಹೋಗುತ್ತದೆ.

ಧೂಳಿನ ಬಗ್ಗೆ ನಮ್ಮವರಿಗೆ ಬೇರೆ ಹೇಳಬೇಕಿಲ್ಲ. ಎಲೆ ಮೇಲೆ ಧೂಳು ಕೂತರೆ ಒಲೆಗೆ ಮುಸುಕು ಹಾಕಿದ ಹಾಗೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ, ಎಲೆಯ ಕೆಳಗೆ ಅಂಗೈ ಕೊಟ್ಟು, ಮೆಲ್ಲಗೆ ಒರೆಸಿ. ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅದಕ್ಕೆ ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ಒರೆಸುವಾಗ ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ರಸ ಹೀರುವ ಹುಳು. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಂಜೆ ಹೊತ್ತು ಒರೆಸಿ. ವಾರ ಬಿಟ್ಟು ಮತ್ತೊಮ್ಮೆ ಮಾಡಿ.

ಸವಣೂರಿನ ಎಲೆ ತೋಟದಲ್ಲಿ ಕಲಿಯಬೇಕಾದ್ದು

ಹಾವೇರಿ ಜಿಲ್ಲೆಯ ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ವೀಳ್ಯದ ಬಳ್ಳಿ ಮೆಣಸಿನ ಬಳ್ಳಿಯ ಕುಟುಂಬದ್ದು. ಮನಿ ಪ್ಲಾಂಟಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆದರೆ ಬಾಳುವೆ ಒಂದೇ ಥರ. ಎರಡೂ ನೆರಳಿನಲ್ಲಿ ಮರ ಹತ್ತುವ ಬಳ್ಳಿಗಳು, ಎರಡಕ್ಕೂ ತೇವ ಬೇಕು, ನಿಂತ ನೀರು ಆಗೋದಿಲ್ಲ. ಎಲೆ ತೋಟದವರು ಬಳ್ಳಿಯನ್ನು ನುಗ್ಗೆ, ಚೊಗಚೆ, ಹಾಲವಾಣದಂಥ ಮರಗಳಿಗೆ ಹಬ್ಬಿಸುತ್ತಾರೆ. ಮರ ಆಸರೆಯೂ ಹೌದು, ನೆರಳೂ ಹೌದು.

ಮನಿ ಪ್ಲಾಂಟಿಗೂ ಹತ್ತಲು ಆಸರೆ ಕೊಟ್ಟು ನೋಡಿ. ಪ್ರತಿ ಗಿಣ್ಣಿನ ಹತ್ತಿರ ಕಂದು ಬಣ್ಣದ ಮೊಂಡು ಮುಳ್ಳಿನಂಥದ್ದು ಕಾಣುತ್ತದಲ್ಲ, ಅದು ಗಾಳಿಬೇರು. ತೊಗಟೆಗೆ ಅಂಟಿಕೊಳ್ಳಲು, ತೇವ ಹೀರಲು ಇರುವ ಬೇರು. ಕಾಡಿನಲ್ಲಿ ಮರ ಹತ್ತಿ ಮೇಲೇರಿದ ಬಳ್ಳಿಯ ಎಲೆ ಒಂದು ಮೀಟರ್ ಉದ್ದದ ತನಕ ಬೆಳೆಯುತ್ತದೆ, ಅಂಚು ಸೀಳಿಕೊಳ್ಳುತ್ತದೆ. ನಮ್ಮ ಮನೆಯ ಅಂಗೈಯಗಲದ ಎಲೆ ಅದರ ಬಾಲ್ಯದ ರೂಪ. ಕೆಳಗೆ ಜೋತು ಬಿಟ್ಟರೆ ಬಳ್ಳಿ ಬಾಲ್ಯದಲ್ಲೇ ಉಳಿಯುತ್ತದೆ. ತೆಂಗಿನ ನಾರು ಸುತ್ತಿದ ಕೋಲು ನೆಟ್ಟು, ಗಿಣ್ಣುಗಳನ್ನು ಕೋಲಿಗೆ ತಾಗುವಂತೆ ಸಡಿಲವಾಗಿ ಕಟ್ಟಿ, ನಾರನ್ನು ಆಗಾಗ ಒದ್ದೆ ಮಾಡುತ್ತಿದ್ದರೆ ಗಾಳಿಬೇರು ಹಿಡಿಯುತ್ತದೆ. ಬೆಳಕೂ ಚೆನ್ನಾಗಿದ್ದರೆ ಮುಂದಿನ ಎಲೆಗಳು ಒಂದಕ್ಕಿಂತ ಒಂದು ದೊಡ್ಡದಾಗಿ ಬರುತ್ತವೆ.

ಎಲೆ ತೋಟದವರ ಇನ್ನೊಂದು ಕೆಲಸ ಬಳ್ಳಿ ಇಳಿಸೋದು. ಮೇಲೆ ಹೋದ ಬಳ್ಳಿಯನ್ನು ಕೆಳಗಿಳಿಸಿ, ಎಲೆ ಇಲ್ಲದ ಬುಡದ ಭಾಗವನ್ನು ಸುರುಳಿ ಸುತ್ತಿ ಮಣ್ಣಿನಲ್ಲಿ ಮುಚ್ಚುತ್ತಾರೆ. ಗಿಣ್ಣುಗಳಲ್ಲಿ ಹೊಸ ಬೇರು ಬಂದು ಬಳ್ಳಿಗೆ ಹೊಸ ಪ್ರಾಯ ಬರುತ್ತದೆ. ಬುಡ ಬೋಳಾದ ಮನಿ ಪ್ಲಾಂಟಿಗೂ ಇದನ್ನೇ ಮಾಡಿ. ಬೋಳು ಬಳ್ಳಿಯನ್ನು ಕುಂಡದ ಮಣ್ಣಿನ ಮೇಲೆ ಸುತ್ತಿ, ಗಿಣ್ಣಿಗೆ ಮಣ್ಣು ತಾಗುವಂತೆ ಹೇರ್‌ಪಿನ್ನಿನಿಂದ ಒತ್ತಿಡಿ.

ತುಂಡು ಮಾಡಿ ಹೊಸ ಗಿಡ ಮಾಡುವುದೂ ಗಿಣ್ಣಿನ ಆಟವೇ. ಕಬ್ಬು ನೆಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಗಿಣ್ಣಿಲ್ಲದ ಕಬ್ಬಿನ ತುಂಡು ಮೊಳೆಯೋದಿಲ್ಲ. ಹಾಗೇ ಬರೀ ಎಲೆಯನ್ನು ತೊಟ್ಟಿನ ಸಮೇತ ನೀರಿನಲ್ಲಿಟ್ಟರೆ ಎಷ್ಟೋ ದಿನ ಹಸಿರಾಗಿರುತ್ತದೆ, ಬೇರೂ ಬರಬಹುದು, ಗಿಡ ಮಾತ್ರ ಆಗೋದಿಲ್ಲ. ಗಿಣ್ಣಿನಿಂದ ಒಂದು ಬೆರಳು ಕೆಳಗೆ ಕತ್ತರಿಸಿ. ಮನಿ ಪ್ಲಾಂಟ್ ಕದ್ದು ತಂದರೇ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅಲ್ಲೂ ಕೆಲಸ ಮಾಡೋದು ಇದೇ ಗಿಣ್ಣು. ಕೇಳಿ ತಂದರೂ ಅಷ್ಟೇ ಚೆನ್ನಾಗಿ ಬರುತ್ತದೆ.

ಬಾಟಲಿಯಲ್ಲಿ ಇಟ್ಟವರು ವಾರ ತಪ್ಪಿಸಬೇಡಿ

ಗಾಜಿನ ಬಾಟಲಿಯಲ್ಲಿ ಬರೀ ನೀರಿನಲ್ಲೂ ಈ ಬಳ್ಳಿ ವರ್ಷಗಟ್ಟಲೆ ಬದುಕುತ್ತದೆ. ಹಾಗಾದರೆ ಆ ನೀರಿನಲ್ಲಿ ಬೇರು ಯಾಕೆ ಕೊಳೆಯೋದಿಲ್ಲ? ನೀರಿನಲ್ಲೇ ಹುಟ್ಟಿದ ಬೇರು ನೀರಿಗೆ ಒಗ್ಗಿದ ಬೇರು. ಬದಲಿಸುವ ಹೊಸ ನೀರಿನ ಜೊತೆ ಅದಕ್ಕೆ ಆಮ್ಲಜನಕವೂ ಸಿಗುತ್ತದೆ. ಹಾಗಾಗಿ ನೀರು ಬದಲಿಸಲೇಬೇಕು.

ಬದಲಿಸಲು ಇನ್ನೂ ದೊಡ್ಡ ಕಾರಣ ಡೆಂಗಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಇಂಥ ತಿಳಿ ನೀರಿನಲ್ಲೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. 2024ರ ಮಳೆಗಾಲದಲ್ಲಿ ಡೆಂಗಿ ಹೆಚ್ಚಿ, ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ನೀರು ಪೂರ್ತಿ ಚೆಲ್ಲಿ, ಬಾಟಲಿಯ ಒಳಗನ್ನು ಬ್ರಶ್ಶಿನಿಂದ ಉಜ್ಜಿ, ಹೊಸ ನೀರು ತುಂಬಿ. ಸುಮ್ನೆ ಮೇಲಿಂದ ನೀರು ತುಂಬಿಸಿದರೆ ಗೋಡೆಗೆ ಅಂಟಿದ ಮೊಟ್ಟೆ ಅಲ್ಲೇ ಉಳಿಯುತ್ತದೆ. ಕುಂಡದ ಕೆಳಗಿನ ತಟ್ಟೆಗೂ ಇದೇ ಮಾತು.

ಮಕ್ಕಳು, ಬೆಕ್ಕು ಇರುವ ಮನೆ

ಕೆಸುವಿನ ನೆಂಟಸ್ತಿಕೆ ಅಂದೆನಲ್ಲ. ಕೆಸುವಿನ ಎಲೆ ಹೆಚ್ಚಿದಾಗ ಕೈ ತುರಿಸುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಯಂಥ ಹರಳುಗಳಿವೆ. ಮನಿ ಪ್ಲಾಂಟಿನಲ್ಲೂ ಅವೇ ಹರಳುಗಳು. ಕೂಸು ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಬಾವು ಬರಬಹುದು. ಬೆಕ್ಕು, ನಾಯಿಗೂ ಹಾಗೇ, ಜೊಲ್ಲು ಸುರಿಸಿ ವಾಂತಿ ಮಾಡುತ್ತವೆ. ಎಲೆ ಬಾಯಿಂದ ತೆಗೆದು ನೀರಿನಿಂದ ತೊಳೆಯಿರಿ. ಬಾವು ಬಂದರೆ, ನುಂಗಲು ಕಷ್ಟವಾದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಕುಂಡ ಮೇಲೇ ಇರಲಿ. ಕತ್ತರಿಸಿದ ಮೇಲೆ ಕೈ ತೊಳೆದು ಆಮೇಲೆ ಕಣ್ಣು ಮುಟ್ಟಿ.

ಗಾಳಿ ಶುದ್ಧ ಮಾಡುತ್ತದೆ ಅಂತ ಕೊಂಡವರೂ ಇದ್ದಾರೆ. ಈ ಮಾತಿನ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದಾಗ, ಮನೆಯ ಸಾಮಾನ್ಯ ಗಾಳಿಯಾಟದಷ್ಟು ಕೆಲಸ ಆಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಅಂತ ಗೊತ್ತಾಯಿತು. ಅದಕ್ಕೆ ಕಿಟಕಿ ತೆಗೆದಿಡಿ. ಗಿಡಕ್ಕೂ ಬೆಳಕು ಬಂದ ಹಾಗಾಯಿತು.

ಅಕ್ಕನ ಗಿಡ

ಕೊಳೆತ ಬೇರಿನ ಮೇಲೆ ಎರಡು ಗೇಣು ಬಳ್ಳಿ ಇನ್ನೂ ಗಟ್ಟಿಯಾಗಿತ್ತು. ಕತ್ತರಿಯನ್ನು ಬಿಸಿನೀರಿನಲ್ಲಿ ತೊಳೆದು ಮೂರು ತುಂಡು ಮಾಡಿದೆವು. ಪ್ರತಿಯೊಂದಕ್ಕೂ ಎರಡು ಗಿಣ್ಣು, ಒಂದೊಂದು ಎಲೆ. ಹಳೆಯ ಉಪ್ಪಿನಕಾಯಿ ಬಾಟಲಿಗೆ ಹಾಕಿ ಪೂರ್ವದ ಅಡುಗೆಮನೆ ಕಿಟಕಿಯಲ್ಲಿಟ್ಟೆವು. ಹತ್ತು ದಿನಕ್ಕೆ ಗಿಣ್ಣಿನಲ್ಲಿ ಬಿಳಿ ಮೊನೆ ಕಂಡಿತು. ಮೂರು ವಾರಕ್ಕೆ ಬೇರು ಬೆರಳುದ್ದವಾಯಿತು. ಇನ್ನೂ ಉದ್ದವಾಗಲು ಬಿಟ್ಟಿದ್ದರೆ ಅವು ನೀರಿಗೇ ಪೂರ್ತಿ ಒಗ್ಗಿ, ಮಣ್ಣು ಹಿಡಿಯಲು ಕಷ್ಟಪಡುತ್ತಿದ್ದವು. ಮೂರನ್ನೂ ಒಂದೇ ಕುಂಡಕ್ಕೆ, ಮಸಾರಿ ಮಣ್ಣಿಗೆ ನೆಟ್ಟೆವು. ಮೊದಲ ಎರಡು ವಾರ ಮಣ್ಣು ತೇವವಾಗಿಟ್ಟು, ಆಮೇಲೆ ನೀರಿನ ನಡುವೆ ಅಂತರ ಕೊಡುತ್ತಾ ಬಂದೆವು. ಪಿಂಗಾಣಿ ಕುಂಡದಲ್ಲಿ ಅಕ್ಕ ಈಗ ಚಮಚ, ಸೌಟು ಇಟ್ಟಿದ್ದಾಳೆ. ಗಿಡ ಅದರ ಪಕ್ಕದಲ್ಲೇ, ಕಿಟಕಿ ಕಟ್ಟೆಯ ಮೇಲಿದೆ. ಆರನೆಯ ಎಲೆ ಬೀಡಿಯ ಹಾಗೆ ಸುತ್ತಿಕೊಂಡು ಬಂದಿದೆ, ಇನ್ನೂ ಬಿಚ್ಚಿಲ್ಲ.